ಒಲೆಯ ಹಿಂದಿನ ಓಣಿ

ಗೈಡಮ್ಮನ ಕೆಲಸ ಖಾಯಂ ಆಗಿರಲಿಲ್ಲ. ಹನ್ನೊಂದು ವರ್ಷದಿಂದ ಆರು ತಿಂಗಳಿಗೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕುವುದು, ಮತ್ತೆ ಆರು ತಿಂಗಳು ಜನರಿಗೆ ಅರಮನೆ ತೋರಿಸುವುದು. ಈ ಸಲ ಖಾಯಂ ಪಟ್ಟಿಯಲ್ಲಿ ಅವಳ ಹೆಸರೇ ಮೊದಲಿದೆ ಎಂದು ಆಫೀಸಿನ ಗುಮಾಸ್ತ ಹೇಳಿದ್ದ. ಮುಂದಿನ ವಾರ ಸೂಪರಿಂಟೆಂಡೆಂಟ್ ಸಾಹೇಬರು ಅದಕ್ಕೆ ಸಹಿ ಹಾಕುವವರಿದ್ದರು.

ಖಾಯಂ ಆದವರಿಗೆ ಅರಮನೆಯ ಹಿತ್ತಿಲಿನ ಸಾಲುಮನೆಗಳಲ್ಲಿ ಒಂದು ಸಿಗುತ್ತಿತ್ತು. ಎರಡು ಕೋಣೆ, ಒಂದು ನಲ್ಲಿ, ತನ್ನದೇ ಬೀಗ. ಗೈಡಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಸಂಜೆ ಅವಳು ಬಾಗಿಲಲ್ಲಿ ಕಾಲಿಟ್ಟರೆ ಅತ್ತಿಗೆ ಒಳಗಿನಿಂದಲೇ, "ಮಹಾರಾಣಿ ಬಂದ್ರು, ಪಾತ್ರೆಗಳೆಲ್ಲ ದರ್ಶನಕ್ಕೆ ಕಾಯ್ತಿವೆ" ಅನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಆ ಮಾತು ಬದಲಾಗಿರಲಿಲ್ಲ.

ಸಾಹೇಬರದು ಒಂದೇ ನಿಯಮ. ಹಗ್ಗ ಕಟ್ಟಿದ ದಾರಿ ಬಿಟ್ಟು ಒಂದು ಬಾಗಿಲನ್ನೂ ತೆಗೆಯಕೂಡದು. ಹಿಂದಿನ ವರ್ಷ ಒಬ್ಬ ಗೈಡು, ಹೊಸದಾಗಿ ಮದುವೆಯಾದ ಜೋಡಿಯೊಂದು ಗೋಗರೆಯಿತೆಂದು, ಫೋಟೋಗಾಗಿ ರಾಣಿಯ ಉಪ್ಪರಿಗೆಯ ಬಾಗಿಲು ತೆಗೆದಿದ್ದ. ಸಂಜೆಯೊಳಗೆ ಅವನ ಗುರುತಿನ ಚೀಟಿ ಸಾಹೇಬರ ಮೇಜಿನ ಮೇಲಿತ್ತು.

ಅವತ್ತು ಮಧ್ಯಾಹ್ನದ ಕೊನೆಯ ಸರದಿಗೆ ಒಂದು ಖಾಸಗಿ ತಂಡ ಬಂತು. ಮೂರೇ ಜನ. ಎಂಬತ್ತು ದಾಟಿದ ಒಬ್ಬ ಅಜ್ಜಿ, ಶಾಲೆಯಲ್ಲಿ ಟೀಚರಾಗಿದ್ದ ಅವಳ ಮಗಳು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಳಿಯ.

"ಅಮ್ಮ ಇಲ್ಲಿ ಕೆಲಸಕ್ಕಿದ್ರು, ರಾಜರ ಕಾಲದಲ್ಲಿ," ಎಂದಳು ಟೀಚರ್. "ಹನ್ನೆರಡು ವರ್ಷ."

"ಹನ್ನೆರಡು ವರ್ಷ ಹಿಂಬಾಗಿಲಲ್ಲಿ ಬಂದೆ, ಹಿಂಬಾಗಿಲಲ್ಲಿ ಹೋದೆ," ಎಂದಳು ಅಜ್ಜಿ. "ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಮುಂಬಾಗಿಲಲ್ಲಿ ಬರೋಣ ಅಂತ. ಇವತ್ತು ನೀನು ನನಗೆ ಅರಮನೆ ತೋರಿಸ್ಬೇಕು, ತಾಯಿ. ನಾನು ನೋಡಿದ್ದು ಬರೀ ಬೂದಿ."

ನೆಲದ ಮರ ಸವೆಯಬಾರದೆಂದು ಬಂದವರೆಲ್ಲ ತಮ್ಮ ಚಪ್ಪಲಿ ಬಿಟ್ಟು ದಪ್ಪ ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕಿತ್ತು. ಪೆಟ್ಟಿಗೆಯಿಂದ ಮೂರು ಜೊತೆ ತೆಗೆದು ಇಟ್ಟಳು ಗೈಡಮ್ಮ. ಅಜ್ಜಿ ತನ್ನ ಪಾಲಿನದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಈ ನೆಲದ ಮೇಲೆ ಕಾಲಿಗೆ ಹಾಕ್ಕೊಂಡು ನಡೆದ ಅಭ್ಯಾಸ ನನಗಿಲ್ಲ. ಸದ್ದಾದ್ರೆ ಬೈಗುಳ ಬೀಳ್ತಿತ್ತು."

"ಈಗ ಯಾರು ಬೈತಾರೆ ಅತ್ತೆ? ಬೈಯೋರೆಲ್ಲ ಗೋಡೆ ಮೇಲೆ ಫೋಟೋ ಆಗಿದ್ದಾರೆ," ಎಂದ ಅಳಿಯ.

"ಫೋಟೋದಲ್ಲೂ ಹಾಗೇ ನೋಡ್ತಿದ್ದಾರೆ, ನೋಡು."

ಗೈಡಮ್ಮನಿಗೆ ನಗು ಬಂತು. ಬರಿಗಾಲಿಂದ ನೆಲಕ್ಕೇನೂ ಆಗುವುದಿಲ್ಲ ಎಂದು ಸುಮ್ಮನಾದಳು.

ಅವಳ ಕೆಲಸದ ರೀತಿ ಹೀಗಿತ್ತು. ಮುಂದೆ ನಡೆಯುವುದು, ಮಾತಾಡುವುದು, ಹಿಂದಿರುಗಿ ನೋಡದಿರುವುದು. ಬಟ್ಟೆ ಚಪ್ಪಲಿಗಳು ನೆಲ ಉಜ್ಜುವ ಸದ್ದಿನಲ್ಲೇ ಎಷ್ಟು ಜನ ಬಂದರು, ಯಾರು ಹಿಂದೆ ಬಿದ್ದರು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಇಪ್ಪತ್ತು ಜನರ ಗುಂಪಿನಲ್ಲಿ ಒಬ್ಬ ನಿಂತರೂ ಅವಳ ಕಿವಿಗೆ ತಿಳಿಯುತ್ತಿತ್ತು. ಉಳಿದ ಗೈಡುಗಳು ಬಾಗಿಲು ಬಾಗಿಲಿಗೂ ನಿಂತು ತಲೆ ಎಣಿಸುತ್ತಿದ್ದರು. ಅವಳು ಅದನ್ನು ಬಿಟ್ಟು ವರ್ಷಗಳಾಗಿದ್ದವು.

ಸಿಂಹಾಸನದ ಹಜಾರ ಮುಗಿಸಿ ರಾಣಿಯ ಮಲಗುವ ಕೋಣೆಗೆ ಬಂದರು. ಗೈಡಮ್ಮ ಬಾಯಿಪಾಠ ಒಪ್ಪಿಸಿದಳು. ರಾಜರು ದಂಡಯಾತ್ರೆಗೆ ಹೋದಾಗ ಕೊನೆಯ ರಾಣಿ ಈ ಮಂಚದ ಮೇಲೆ ಏಳು ದಿನ ಅನ್ನ ನೀರು ಬಿಟ್ಟು ಅತ್ತಿದ್ದರು.

"ಹಲ್ಲುನೋವು," ಎಂದಳು ಅಜ್ಜಿ.

"ಏನಜ್ಜಿ?"

"ಹಲ್ಲುನೋವು ಅವರಿಗೆ. ದವಡೆ ಹೀಗೆ ಊದಿತ್ತು. ರಾಜರು ಎಲ್ಲಿಗೂ ಹೋಗಿರ್ಲಿಲ್ಲ, ಕೆಳಗೆ ಇಸ್ಪೀಟ್ ಆಡ್ತಿದ್ರು."

ಮೆಕ್ಯಾನಿಕ್ ಗೊಳ್ಳೆಂದು ನಕ್ಕ. ಗೈಡಮ್ಮನಿಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಆದರೆ ಎರಡು ಕೋಣೆ ದಾಟುವಷ್ಟರಲ್ಲಿ ಅವಳೇ ಅಜ್ಜಿಯನ್ನು ಕೇಳತೊಡಗಿದ್ದಳು. ಇದು ಏನಕ್ಕಿತ್ತು, ಇಲ್ಲಿ ಯಾರು ಕೂರುತ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದನ್ನು ಇಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಚಳಿಗಾಲದ ಹಜಾರದಲ್ಲಿ ಆಳೆತ್ತರಕ್ಕೂ ಮೀರಿದ ಒಲೆಯೊಂದಿತ್ತು. ಮೈತುಂಬ ಬಿಳಿ ಪಿಂಗಾಣಿ ಬಿಲ್ಲೆ. ಕೋಣೆಯನ್ನು ಬೆಚ್ಚಗಿಡಲು ಕಟ್ಟಿದ್ದು. ಅದಕ್ಕೆ ಬಾಯಿಯೇ ಇರಲಿಲ್ಲ. ಸೌದೆ ಹಾಕುವುದೆಲ್ಲಿ ಎಂದು ನೋಡಿದವರೆಲ್ಲ ಕೇಳುತ್ತಿದ್ದರು. "ಅದು ಆ ಕಾಲದ ಶಿಲ್ಪಿಗಳ ಗುಟ್ಟು" ಎಂದು ಹೇಳಬೇಕೆಂದು ಪುಸ್ತಕದಲ್ಲಿತ್ತು. ಗೈಡಮ್ಮ ಹಾಗೇ ಹೇಳಿದಳು.

"ಗುಟ್ಟೂ ಇಲ್ಲ, ಮಣ್ಣೂ ಇಲ್ಲ," ಎಂದಳು ಅಜ್ಜಿ. "ಹಿಂದೆ ನಾನಿದ್ದೆ."

ಒಲೆಯ ಬಾಯಿ ಗೋಡೆಯ ಆಚೆಗಿತ್ತು. ಗೋಡೆಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಅಗಲದ ಓಣಿ. ಬೆಳಗಾಗುವ ಮುಂಚೆ ಸೌದೆಯ ಜೊತೆ ಒಬ್ಬ ಕೆಲಸದವಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಳಗಡೆ ಚಿಲಕವೇ ಇರಲಿಲ್ಲ. ದೊಡ್ಡವರು ಹಜಾರದಲ್ಲಿ ಕೂತಿರುವಾಗ ಗೋಡೆಯೊಳಗಿಂದ ಯಾರೋ ಮಸಿ ಮುಖದವಳು ಎದ್ದು ಬರುವುದು ಅವರಿಗೆ ಬೇಕಿರಲಿಲ್ಲ.

"ಕೂಗೋ ಹಾಗಿಲ್ಲ, ಕೆಮ್ಮೋ ಹಾಗಿಲ್ಲ. ಕೆಮ್ಮು ಬಂದ್ರೆ ಸೆರಗು ಬಾಯಿಗೆ. ಕೆಲಸ ಮುಗೀತು, ಇಲ್ಲ ಉಸಿರು ಕಟ್ತು ಅಂದ್ರೆ ಬೆರಳ ಗೆಣ್ಣಲ್ಲಿ ಎರಡು ಸಲ ತಟ್ಟೋದು. ಮೆತ್ತಗೆ. ಹೊರಗೆ ನಿಂತಿರೋ ಆಳಿಗೆ ಮಾತ್ರ ಕೇಳ್ಬೇಕು. ಅವನಿಗೆ ಪುರುಸೊತ್ತಾದಾಗ ತೆಗೀತಿದ್ದ." ಅಜ್ಜಿ ಪಿಂಗಾಣಿಯ ಮೇಲೆ ತಟ್ಟಿ ತೋರಿಸಿದಳು. ಟಕ್ ಟಕ್. "ಈ ಉಬ್ಬಸ ಅಲ್ಲೇ ಹತ್ತಿದ್ದು. ಅರಮನೆ ಕೊಟ್ಟಿದ್ರಲ್ಲಿ ಉಳ್ಕೊಂಡಿದ್ದು ಇದೊಂದೇ."

ಟೀಚರ್ ಕೈಚೀಲದಿಂದ ಉಬ್ಬಸದ ಪಂಪು ತೆಗೆದು ಕೊಟ್ಟಳು. ಅಜ್ಜಿ ಎರಡು ಸಲ ಎಳೆದುಕೊಂಡು ವಾಪಸ್ ಕೊಟ್ಟಳು.

"ಆ ಬಾಗಿಲು ಇನ್ನೂ ಇದ್ಯಾ, ತಾಯಿ?"

ಇತ್ತು. ಕಿಟಕಿಯ ಪಕ್ಕ, ಗೋಡೆಯದೇ ಬಣ್ಣ, ಗೋಡೆಯದೇ ಚಿತ್ರ. ಹಗ್ಗದಿಂದ ಮೂರು ಹೆಜ್ಜೆ ಆಚೆ. ಬೀಗ ಇರಬೇಕಿತ್ತು, ಇರಲಿಲ್ಲ. ಗೈಡಮ್ಮ ಹಜಾರದ ಎರಡೂ ತುದಿ ನೋಡಿದಳು. ಕಾವಲುಗಾರ ಕೆಳಗೆ ಇದ್ದ.

"ಒಂದೇ ನಿಮಿಷ. ಫೋಟೋ ಬೇಡ."

ಚಿಲಕ ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಎಳೆದಳು. ಒಳಗಿನಿಂದ ಹಳೆಯ ಮಸಿಯ ವಾಸನೆ ಬಂತು. ಫೋನಿನ ಬೆಳಕು ಹಿಡಿದಳು. ಕಿರಿದಾದ ಓಣಿ, ಬಲಕ್ಕೆ ತಿರುವು. ಅಜ್ಜಿ ಕತ್ತು ಚಾಚಿ ನೋಡಿದಳು. "ತಿರುವಿನಾಚೆ ಇತ್ತು ನಾನು ಕೂರೋ ಕಲ್ಲು," ಎಂದಳು. ಒಳಗೆ ಹೋಗಲೇ ಎಂದು ಕೇಳಲಿಲ್ಲ. ಕೇಳಿದ್ದರೆ ಗೈಡಮ್ಮ ಬೇಡ ಅನ್ನುತ್ತಿದ್ದಳು.

ಬಾಗಿಲು ದೂಡಿ, ಚಿಲಕದ ಜೊತೆ ಗುದ್ದಾಡುವ ಗೋಜಿಗೆ ಹೋಗದೆ, ಅವರನ್ನು ಮುಂದಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಗಾಜಿನ ಕಪಾಟುಗಳಲ್ಲಿ ಬೆಳ್ಳಿ ಪಾತ್ರೆಗಳಿದ್ದವು. ಹಿಂದೆ ಎರಡು ಜೊತೆ ಚಪ್ಪಲಿಯ ಸದ್ದು. ಎರಡೇ ಇರಬೇಕಿತ್ತು, ಎರಡೇ ಇದ್ದವು. ಅರ್ಧ ಮಾತಿನಲ್ಲಿ ಚಿಲಕ ನೆನಪಾಯಿತು. "ನೋಡ್ತಿರಿ, ಬಂದೆ" ಎಂದು ಹಿಂದಿರುಗಿದಳು. ಬಾಗಿಲು ತಾನು ಬಿಟ್ಟ ಹಾಗೇ ಒಂದಿಷ್ಟು ಸಂದು ಬಿಟ್ಟುಕೊಂಡಿತ್ತು. ಸೊಂಟ ಕೊಟ್ಟು ಒತ್ತಿ, ಅಂಗೈಯಿಂದ ಗುದ್ದಿ ಚಿಲಕ ಕೂರಿಸಿದಳು. ಒಳಗೆ ಇಣುಕಲಿಲ್ಲ.

ವಾಪಸ್ ಬಂದಾಗ ಮೆಕ್ಯಾನಿಕ್ ಒಂದು ಹೂಜಿಯ ಮುಂದೆ ನಿಂತಿದ್ದ. "ಇಷ್ಟು ದೊಡ್ಡದ್ರಲ್ಲಿ ಇಡೀ ಡಿಪೋಗೆ ಟೀ ಮಾಡ್ಬಹುದು," ಎಂದ.

"ಅಮ್ಮ ಎಲ್ಲಿ, ರೀ?" ಎಂದಳು ಟೀಚರ್.

"ನಿನ್ನ ಜೊತೆ ಇದ್ರಲ್ಲ."

ಶೌಚಾಲಯ ನೋಡಿದರು. ಮೆಟ್ಟಿಲು ನೋಡಿದರು. ಹಿಂದಿನ ಐದು ಕೋಣೆ ನೋಡಿದರು. ಅಜ್ಜಿಗೆ ಹಿಂಬಾಗಿಲ ದಾರಿ ಗೊತ್ತಿದೆ, ತೋಟಕ್ಕೆ ಇಳಿದಿರಬೇಕು ಎಂದು ಗೈಡಮ್ಮ ಹೇಳಿದಳು. ಹೇಳುವಾಗ ಅವಳು ಅದನ್ನು ನಂಬಿದ್ದಳು.

"ಆ ಗೋಡೆಯೊಳಗೆ ಏನಾದ್ರೂ ಹೋದ್ರಾ?" ಎಂದಳು ಟೀಚರ್.

"ಇಲ್ಲ ಮೇಡಂ, ಅದು ಮುಚ್ಚಿದೆ," ಎಂದಳು. ಹೇಗೆ ಮುಚ್ಚಿದೆ ಎಂದು ಅವಳ ಅಂಗೈಗೆ ಗೊತ್ತಿತ್ತು. ಇನ್ನೂ ಉರಿಯುತ್ತಿತ್ತು.

ಅಷ್ಟರಲ್ಲಿ ಸುದ್ದಿ ತಿಳಿದು ಸಾಹೇಬರು ಮೆಟ್ಟಿಲು ಹತ್ತಿ ಬಂದರು. ಟೀಚರನ್ನೂ ಮೆಕ್ಯಾನಿಕನನ್ನೂ ಕಾವಲುಗಾರರ ಜೊತೆ ತೋಟಕ್ಕೆ, ಕೊಳದ ಕಡೆಗೆ ಕಳಿಸಿದರು. ಹೋಗುವಾಗ ಟೀಚರ್ ಕೈಚೀಲವನ್ನು ಎದೆಗೆ ಅವುಚಿಕೊಂಡು, "ಪಂಪು ನನ್ನ ಹತ್ರಾನೇ ಉಳೀತಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ಚಳಿಗಾಲದ ಹಜಾರದಲ್ಲಿ ಸಾಹೇಬರು ಕಾವಲುಗಾರನ ಕುರ್ಚಿ ಎಳೆದು ಕೂತರು. ಒಲೆಯಿಂದ ಆರು ಹೆಜ್ಜೆ.

"ದಾರಿ ಬಿಟ್ಟು ಎಲ್ಲಾದ್ರೂ ಕರ್ಕೊಂಡು ಹೋಗಿದ್ಯೇನಮ್ಮ?"

"ಇಲ್ಲ ಸರ್."

"ಯಾವುದಾದ್ರೂ ಬಾಗಿಲು?"

"ಇಲ್ಲ ಸರ್."

"ಪಟ್ಟಿ ಟೈಪಾಗಿ ನನ್ನ ಮೇಜಿನ ಮೇಲಿದೆ. ಅದಕ್ಕೇ ಕೇಳ್ದೆ." ಅವರು ಕಾಗದ ಕೊಟ್ಟರು. "ಯಾವ್ಯಾವ ಕೋಣೆ, ಎಷ್ಟೆಷ್ಟು ಹೊತ್ತು, ಇಲ್ಲೇ ಬರಿ. ಪೊಲೀಸರು ಬಂದ್ರೆ ಕೊಡೋಕ್ಕೆ ಬೇಕು."

ಸಾಹೇಬರು ಎದ್ದು ಹೋದ ಕೂಡಲೇ ತೆಗೆಯುವುದು ಎಂದು ಗೈಡಮ್ಮ ಲೆಕ್ಕ ಹಾಕಿದಳು. ಐದು ನಿಮಿಷ. ಹೆಚ್ಚೆಂದರೆ ಹತ್ತು. ಹನ್ನೆರಡು ವರ್ಷ ಒಳಗೆ ಕೂತವಳಿಗೆ ಹತ್ತು ನಿಮಿಷ ಏನು ಮಹಾ. ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆಯತೊಡಗಿದಳು. ಸಿಂಹಾಸನದ ಹಜಾರ, ಎಂಟು ನಿಮಿಷ.

ಟಕ್ ಟಕ್.

ಸಾಹೇಬರು ಫೋನಿನಿಂದ ತಲೆ ಎತ್ತಿದರು. "ಏನದು?"

ಗೈಡಮ್ಮ ಬರೆಯುತ್ತಲೇ ಇದ್ದಳು.

"ಮತ್ತೆ ಪಾರಿವಾಳ ಸೇರ್ಕೊಂಡಿರ್ಬೇಕು, ದರಿದ್ರದ್ದು."

"ಹೌದು ಸರ್."

ರಾಣಿಯ ಮಲಗುವ ಕೋಣೆ, ಆರು ನಿಮಿಷ ಎಂದು ಬರೆದಳು. ಸಾಹೇಬರು ಯಾರಿಗೋ ಫೋನ್ ಮಾಡಿ ಕೊಳದಲ್ಲಿ ನೀರೆಷ್ಟಿದೆ ಎಂದು ಕೇಳಿದರು. ಇನ್ನೊಬ್ಬರಿಗೆ ಮಾಡಿ ಪತ್ರಿಕೆಯವರನ್ನು ಒಳಗೆ ಬಿಡಬೇಡಿ ಎಂದರು. ಮತ್ತೆ ಟಕ್ ಟಕ್. ಈ ಸಲ ಎರಡರ ನಡುವೆ ಹೆಚ್ಚು ಹೊತ್ತು ಹಿಡಿಯಿತು. ಗೈಡಮ್ಮ ಬೆಳ್ಳಿ ಪಾತ್ರೆಗಳ ಕೋಣೆಯವರೆಗೂ ಬರೆದು, ಅಕ್ಷರ ಚೆನ್ನಾಗಿಲ್ಲವೆಂದು ಇನ್ನೊಂದು ಕಾಗದ ಕೇಳಿ ಪಡೆದು ಮೊದಲಿಂದ ಬರೆದಳು. ಗೋಡೆಯಲ್ಲಿ ಒಂದೇ ಒಂದು ಸಲ ಟಕ್ ಎಂದಿತು. ಎರಡನೆಯದಕ್ಕೆ ಅವಳು ಪೆನ್ನು ಎತ್ತಿಕೊಂಡು ಕಾದಳು. ಬರಲಿಲ್ಲ.

ಇಪ್ಪತ್ತಾರು ನಿಮಿಷದ ಮೇಲೆ ಗೇಟಿಗೆ ಪೊಲೀಸರು ಬಂದರೆಂದು ಫೋನು ಬಂತು. ಸಾಹೇಬರು ಇಳಿದು ಹೋದರು. ಅವರ ಬೂಟಿನ ಸದ್ದು ಕೊನೆಯ ಮೆಟ್ಟಿಲು ದಾಟುವವರೆಗೆ ಗೈಡಮ್ಮ ನಿಂತಿದ್ದಳು. ಆಮೇಲೆ ಓಡಿದಳು.

ಅಜ್ಜಿ ತಿರುವಿನಾಚೆಯ ಕಲ್ಲಿನ ಮೇಲೆ ಇರಲಿಲ್ಲ. ಬಾಗಿಲಿಗೇ ಒರಗಿ ಕೂತಿದ್ದಳು. ಬಾಗಿಲು ತೆಗೆದ ಕೂಡಲೇ ಅವಳ ಮೈ ಗೈಡಮ್ಮನ ಕಾಲಿನ ಮೇಲೆ ವಾಲಿತು. ಸೆರಗು ಬಾಯಲ್ಲಿತ್ತು. ಬಲಗೈಯ ಗೆಣ್ಣುಗಳು ಮಸಿಯಾಗಿದ್ದವು. ಮೈ ಇನ್ನೂ ಬಿಸಿ ಇತ್ತು. ಮೂಗಿನ ಹತ್ತಿರ ಕೈ ಹಿಡಿದಳು. ಏನೂ ಇರಲಿಲ್ಲ.

ಗೈಡಮ್ಮ ಕಿರುಚಿದಳು. ಈ ಸಲ ಅರಮನೆಗೆಲ್ಲ ಕೇಳಿಸಿತು.

ವರದಿಯಲ್ಲಿ ಸಾಹೇಬರು ಬರೆದರು: ಸಂದರ್ಶಕರು ದಾರಿ ಬಿಟ್ಟು ತಾವಾಗಿಯೇ ಬಾಗಿಲು ತೆಗೆದು ಒಳಹೋಗಿದ್ದಾರೆ, ಹಳೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿದೆ. ಆ ಬಾಗಿಲಿಗೆ ಬೀಗ ಹಾಕಿಸಿದ್ದೇವೆಂದು ಎರಡು ವರ್ಷದ ಹಿಂದೆ ಬರೆದುಕೊಟ್ಟವರು ಅವರೇ. ಹಾಗಾಗಿ ಹೆಚ್ಚು ಕೆದಕಲಿಲ್ಲ. ಕೆದಕಬಹುದಾಗಿದ್ದವಳು ಟೀಚರ್ ಒಬ್ಬಳೇ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಗೈಡಮ್ಮನ ಕೈ ಹಿಡಿದುಕೊಂಡಳು.

"ನೀವು ಬಾಗಿಲು ತೆಗೆದಿದ್ದು ನಾನು ಹೇಳಿಲ್ಲ. ನಮ್ಮವರಿಗೂ ಹೇಳ್ಬೇಡಿ ಅಂದಿದ್ದೀನಿ. ಅಮ್ಮ ಕೇಳಿದ್ರು, ನೀವು ತೋರಿಸಿದ್ರಿ. ಆ ಅರಮನೇಲಿ ಅಮ್ಮ ಕೇಳಿದ್ದು ಕೊಟ್ಟವರು ನೀವೊಬ್ರೇ. ನಿಮ್ಮ ಅನ್ನಕ್ಕೆ ಕಲ್ಲು ಹಾಕಲ್ಲ ನಾನು."

ಗೈಡಮ್ಮ ತಲೆ ಆಡಿಸಿದಳು.

ಮುಂದಿನ ವಾರ ಪಟ್ಟಿಗೆ ಸಹಿ ಬಿತ್ತು. ತಿಂಗಳೊಳಗೆ ಅವಳು ಸಾಲುಮನೆಗೆ ಬಂದಳು. ಅತ್ತಿಗೆ ಎರಡು ಹಳೆಯ ಪಾತ್ರೆ ಕೊಟ್ಟು ಕಳಿಸಿದಳು. ಹೊಸ ಬೀಗ ಹೊರಗಿನಿಂದಲೂ ಒಳಗಿನಿಂದಲೂ ಸಲೀಸಾಗಿ ತಿರುಗುತ್ತಿತ್ತು. ಹಜಾರದ ಆ ಬಾಗಿಲಿಗೆ ಮೊಳೆ ಹೊಡೆದರು. ಒಲೆಯ ಬಾಯಿ ಎಲ್ಲಿ ಎಂದು ಜನ ಕೇಳಿದರೆ ಅವಳು ಈಗಲೂ ಶಿಲ್ಪಿಗಳ ಗುಟ್ಟು ಎನ್ನುತ್ತಾಳೆ. ಪ್ರತಿ ಬಾಗಿಲಲ್ಲೂ ನಿಂತು, ಹಿಂದಿರುಗಿ, ತಲೆ ಎಣಿಸುತ್ತಾಳೆ.

ಚಳಿಗಾಲದಲ್ಲಿ ಒಂದು ದಿನ ಟೀಚರ್ ಫೋನ್ ಮಾಡಿದಳು. ಮನೆ ಸಿಕ್ಕಿತೇ ಎಂದು ವಿಚಾರಿಸಿದಳು.

"ಒಂದು ಕೇಳ್ತೀನಿ. ಅಮ್ಮ ತಟ್ಟಿರ್ತಾರೆ ಅಲ್ವಾ? ಎರಡು ಸಲ. ನಮಗೆ ತೋರಿಸಿದ್ರಲ್ಲ. ನಾವು ತೋಟದಲ್ಲಿದ್ವಿ, ನಮಗೆ ಕೇಳೋ ಹಾಗಿರ್ಲಿಲ್ಲ. ನೀವು ಅಲ್ಲೇ ಇದ್ರಿ. ನಿಮಗೇನಾದ್ರೂ ಕೇಳಿಸ್ತಾ?"

"ಇಲ್ಲ ಮೇಡಂ," ಎಂದಳು ಗೈಡಮ್ಮ. "ಏನೂ ಕೇಳಿಸ್ಲಿಲ್ಲ."

"ಹಾಗಾದ್ರೆ ಬೇಗ ಹೋಗಿಬಿಟ್ಟಿರ್ಬೇಕು. ಹೆಚ್ಚು ನರಳಿಲ್ಲ." ಟೀಚರ್ ಉಸಿರು ಬಿಟ್ಟಳು. "ಅಷ್ಟು ಸಾಕು ನನಗೆ."

ತಟ್ಟಿದ್ದು ಐದು ಸಲ. ಹೋದದ್ದು ಇಪ್ಪತ್ತಾರು ನಿಮಿಷ, ಒಂದು ಜೀವ.