ಲವಲೇಶ

ಜಗಳವಾಡದೆ ಬೇರೆಯಾಗುವುದು ಎಷ್ಟು ಕಷ್ಟ ಎಂಬುದು ಜಗಳವಾಡಿ ಬೇರೆಯಾದವರಿಗೆ ಗೊತ್ತಾಗುವುದಿಲ್ಲ. ಜಗಳವಾಡಿದವರ ಪರವಾಗಿ ನೆಂಟರಿಷ್ಟರು ತೋಳೇರಿಸಿ ನಿಲ್ಲುತ್ತಾರೆ, ವಕೀಲರು ಹುರುಪಿನಿಂದ ಓಡಾಡುತ್ತಾರೆ. ನಗುನಗುತ್ತ ಬೇರೆಯಾಗುತ್ತೇವೆ ಎಂದರೆ ಮಾತ್ರ ಎಲ್ಲರಿಗೂ ಅನುಮಾನ. ತಿದ್ದಮ್ಮನ ಸ್ವಂತ ಅಕ್ಕನೇ, "ಇಷ್ಟು ಚೆನ್ನಾಗಿ ಮಾತಾಡ್ಕೊಂಡಿರೋರು ಯಾಕೆ ಡೈವೋರ್ಸ್ ತಗೋತೀರೇ? ನಾವೆಲ್ಲ ಮಾತೇ ಆಡದೆ ಸಂಸಾರ ಮಾಡ್ತಿಲ್ವಾ?" ಎಂದು ಕೇಳಿದ್ದಳು.

ತಿದ್ದಮ್ಮ ಎನ್ನುವುದು ಗಂಡ ಇಟ್ಟ ಹೆಸರು. ಪುಸ್ತಕ ಪ್ರಕಾಶಕರಿಗೆ ಕರಡು ತಿದ್ದಿಕೊಡುವುದು ಅವಳ ಕಸುಬು. ಮದುವೆಯ ಹೊಸದರಲ್ಲಿ ಅವನು ಬರೆದ ಪ್ರೇಮಪತ್ರದಲ್ಲಿ ಮೂರು ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಟ್ಟ ದಿನವೇ ಆ ಹೆಸರು ಗಟ್ಟಿಯಾಯಿತು. ಅವನು ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡು ಮಲಗಿದವರ ಜೊತೆ ದಿನವಿಡೀ ಮಾತಾಡಿ ಮಾತಾಡಿ, ಎದುರಿನವರೂ ಉತ್ತರ ಕೊಡಬಹುದು ಎಂಬುದೇ ಅವನಿಗೆ ಮರೆತುಹೋಗಿತ್ತು. ಹದಿನಾಲ್ಕು ವರ್ಷ ಅವನು ಹೇಳುತ್ತ ಹೋದ, ಅವಳು ತಿದ್ದುತ್ತ ಹೋದಳು. ಕೊನೆಗೆ ಇಬ್ಬರಿಗೂ ಸುಸ್ತಾಯಿತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ.

ಉಳಿದದ್ದು ಇಬ್ಬರ ಹೆಸರಿನಲ್ಲಿದ್ದ ಮನೆ. ತಿದ್ದಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. ಅಡುಗೆಮನೆಯ ಪಕ್ಕದ ಕಿಟಕಿಯ ಕೆಳಗೆ ಅವಳ ಮೇಜಿತ್ತು. ಸಂಜೆಯವರೆಗೂ ಅಲ್ಲಿ ದೀಪ ಹಾಕದೆ ಸಣ್ಣಕ್ಷರ ಓದಬಹುದು. ಬೇರೆ ಎಲ್ಲಿ ಕೂತರೂ ಅವಳಿಗೆ ಅಲ್ಪಪ್ರಾಣ ಮಹಾಪ್ರಾಣ ಒಂದೇ ಥರ ಕಾಣುತ್ತಿದ್ದವು. ಇದು ಗೊತ್ತಿದ್ದೇ ಗಂಡ, "ಮನೆ ನೀನೇ ಇಟ್ಕೊ, ನನ್ನ ಪಾಲು ದಾನ ಬರ್ದುಕೊಡ್ತೀನಿ. ಭಾನುವಾರ ಕ್ಲಿನಿಕ್ ಹತ್ರ ಒಂದು ರೂಮಿಗೆ ಹೋಗ್ತೀನಿ" ಎಂದಿದ್ದ. ಕೋರ್ಟಿನವರು ಮಾತ್ರ ಗಡುವು ಹಾಕಿದ್ದರು. ಮುಂದಿನ ವಿಚಾರಣೆಯೊಳಗೆ ಮನೆ ಒಬ್ಬರ ಹೆಸರಿಗೆ ಆಗದಿದ್ದರೆ ಅದನ್ನು ಮಾರಿ ಪಾಲು ಮಾಡುವುದು. ಆ ವಿಚಾರಣೆ ನಾಳೆ.

ಹಾಗಾಗಿ ಇವತ್ತು ಬೆಳಿಗ್ಗೆ ಇಬ್ಬರೂ ನೋಂದಣಿ ಕಚೇರಿಯ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಸರದಿ ಬಂದಾಗ ಒಟ್ಟಿಗೇ ಎದ್ದು ಒಳಗೆ ಹೋದರು.

ನೋಂದಣಿ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ದಾನಪತ್ರ ಓದಿದರು. ಇಬ್ಬರ ಪರವಾಗಿದ್ದ ವಕೀಲ ಅದರ ಜೊತೆಗೆ ವಿಚ್ಛೇದನದ ಅರ್ಜಿಯ ಪ್ರತಿಯನ್ನೂ ಪಿನ್ ಹೊಡೆದು ಇಟ್ಟಿದ್ದ. ಅದನ್ನೂ ಓದಿದರು. ಮತ್ತೆ ದಾನಪತ್ರ ತಿರುವಿದರು. ತಿದ್ದಮ್ಮನಿಗೆ ಆ ನೋಟದ ಪರಿಚಯವಿತ್ತು. ತಪ್ಪು ಸಿಕ್ಕಿದಾಗ ಅವಳ ಮುಖವೂ ಹಾಗೇ ಅರಳುತ್ತಿತ್ತು.

"ಇಲ್ಲಿ 'ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿರುತ್ತೇನೆ' ಅಂತಿದೆ. ಅಲ್ಲಿ 'ನಮ್ಮ ನಡುವೆ ಪ್ರೀತಿ ವಿಶ್ವಾಸ ಲವಲೇಶವೂ ಉಳಿದಿರುವುದಿಲ್ಲ' ಅಂತಿದೆ. ಎರಡಕ್ಕೂ ಇಬ್ರೂ ಸಹಿ ಹಾಕಿದ್ದೀರಿ. ಯಾವುದು ಸುಳ್ಳು?"

"ಪ್ರೀತಿ ವಿಶ್ವಾಸ ಅನ್ನೋದನ್ನ ತೆಗೆದುಬಿಡಿ ಮೇಡಂ," ಎಂದ ಗಂಡ, ಹುಳುಕು ಹಲ್ಲು ಕಿತ್ತಷ್ಟೇ ಸುಲಭವಾಗಿ.

"ತೆಗೆದ್ರೆ ಅದು ದಾನ ಆಗಲ್ಲ. ಏನಿಲ್ಲದೆ ಸುಮ್ನೆ ಮನೆ ಕೊಡ್ತಾರಾ ಯಾರಾದ್ರೂ? ನಾಳೆ ಇನ್ಯಾರೋ ಬಂದು ಇದು ಮೋಸ ಅಂದ್ರೆ ಕೋರ್ಟು ಕಟ್ಟೆ ಹತ್ತೋದು ನಾನು." ಅವರು ಬೆರಳಿನಿಂದ ಅರ್ಜಿ ಕುಟ್ಟಿದರು. "ಬರೀ 'ಉಳಿದಿಲ್ಲ' ಅಂತಿದ್ರೆ ಏನೋ ಮಾತಿಗೆ ಬರೆದಿದ್ದಾರೆ ಅಂತ ಕಣ್ಣುಮುಚ್ಚಿಕೊಳ್ತಿದ್ದೆ. ಲವಲೇಶವೂ ಅಂತೆ! ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?"

ತಿದ್ದಮ್ಮ ಕಿಟಕಿಯ ಕಡೆ ನೋಡಿದಳು. ಆ ಪುಣ್ಯಾತ್ಮಳು ಅವಳೇ. ವಕೀಲ 'ಉಳಿದಿಲ್ಲ' ಎಂದಷ್ಟೇ ಬರೆದಿದ್ದ. ವಾಕ್ಯ ಸಪ್ಪೆಯಾಯಿತು, ಇನ್ನೊಂದು ಪದ ಬಿದ್ದರೆ ಲಯ ಬರುತ್ತದೆ ಎಂದು ಅವಳೇ ಅದನ್ನು ತೂರಿಸಿದ್ದಳು. ಅರ್ಥದ ಬಗ್ಗೆ ಅವಳು ಯೋಚಿಸಿಯೇ ಇರಲಿಲ್ಲ. ಈಗ ಆ ಚಂದದ ಪದ ಅವಳ ಮನೆಯ ಕಿಟಕಿಗೇ ಅಡ್ಡ ಬಂದು ಕೂತಿತ್ತು.

ಗಂಡನಿಗೂ ಗೊತ್ತಿತ್ತು. ಅವನು ಹಲ್ಲು ಕಿರಿಯಬಹುದಿತ್ತು, ಕಿರಿಯಲಿಲ್ಲ. "ಗಡಿಬಿಡೀಲಿ ನಾನೇ ಬರೆಸಿದ್ದು ಮೇಡಂ," ಎಂದ.

"ನೀನೆಲ್ಲಿ ಬರೆಸಿದೆ? ಆ ಪದದ ಕಾಗುಣಿತ ಬರುತ್ತಾ ನಿಂಗೆ?" ತಿದ್ದಮ್ಮನ ಬಾಯಿಂದ ಮಾತು ಜಾರಿತು. ಅಧಿಕಾರಿಯ ಕಡೆ ತಿರುಗಿ, "ನಾನೇ ಸೇರಿಸಿದ್ದು" ಎಂದಳು.

"ಹಾಗಾದ್ರೆ ನೀವೇ ಒಂದು ಹೇಳಿಕೆ ಬರ್ದುಕೊಡಿ. ಆ ಪದ ತಪ್ಪು ಅಂತ. ಅದೇ ಪ್ರತಿ ನಾಳೆ ಜಡ್ಜ್ ಹತ್ರಾನೂ ಕೊಡಿ. ಇಲ್ದಿದ್ರೆ ಇದನ್ನ ವಾಪಸು ತಗೊಂಡು ಹೋಗಿ."

ತಾನು ಬರೆದದ್ದು ತಪ್ಪು ಎಂದು ಬರೆದುಕೊಡುವುದು! ಜೀವಮಾನದಲ್ಲಿ ಅವಳು ಆ ಕೆಲಸ ಮಾಡಿರಲಿಲ್ಲ. ಪೆನ್ನು ಹಿಡಿದು ಕೂತಳು. 'ಅರ್ಜಿಯಲ್ಲಿನ ಲವಲೇಶವೂ ಎಂಬ ಪದ' ಎಂಬಲ್ಲಿಗೆ ಕೈ ನಿಂತಿತು. ಗಂಡ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದ. ಅವಳ ತಪ್ಪನ್ನು ಈಗಷ್ಟೇ ತನ್ನ ತಲೆ ಮೇಲೆ ಹಾಕಿಕೊಳ್ಳಲು ಹೊರಟಿದ್ದ ಈ ವಾಚಾಳಿಯ ಬಗ್ಗೆ ತನಗೆ ಏನೂ ಇಲ್ಲ ಎಂದರೆ ಅದು ಶುದ್ಧ ಸುಳ್ಳು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು 'ನಿಜವಲ್ಲ' ಎಂಬ ಒಂದೇ ಪದದಲ್ಲಿ ಬರೆದು ಸಹಿ ಹಾಕಿದಳು.

ಅಧಿಕಾರಿ ಓದಿದರು. "ಅಂದ್ರೆ ಉಳಿದಿದೆ?"

"ಲವಲೇಶ," ಎಂದಳು ತಿದ್ದಮ್ಮ.

"ದಾನಕ್ಕೆ ಅಷ್ಟು ಸಾಕು." ಅವರು ಮೊಹರು ಎತ್ತಿಕೊಂಡರು. ಸುಮ್ಮನಿರಲಾರದೆ, "ಸಂಸಾರಕ್ಕೆ?" ಎಂದರು.

"ಸಾಲಲ್ಲ ಮೇಡಂ," ಎಂದು ಗಂಡ ಹೆಂಡತಿ ಒಟ್ಟಿಗೇ ಹೇಳಿದರು. ಹದಿನಾಲ್ಕು ವರ್ಷದಲ್ಲಿ, ಬೇರೆಯಾಗುವುದು ಬಿಟ್ಟರೆ, ಅವರಿಬ್ಬರೂ ಒಪ್ಪಿದ ಎರಡನೆಯ ವಿಷಯ ಅದು.

ಮೊಹರು ಬಿತ್ತು. ಮನೆ ಅವಳದಾಯಿತು. ಅಧಿಕಾರಿ ಕೊನೆಯ ಪುಟ ತಿರುವಿ, "ದಾನ ಕೊಟ್ಟವರ ವಿಳಾಸ ಖಾಲಿ ಬಿಟ್ಟಿದ್ದಾರಲ್ಲ. ಹೇಳಿ" ಎಂದರು.

ಗಂಡ ಥಟ್ಟನೆ ಮನೆಯ ವಿಳಾಸ ಹೇಳಿದ.

"ಅದನ್ನ ಈಗ ತಾನೇ ಕೊಟ್ರಲ್ಲ ಡಾಕ್ಟ್ರೇ. ಇನ್ಮೇಲೆ ನಿಮ್ಮದು ಯಾವುದು?"

ಅವನು ಬಾಯಿ ತೆರೆದ. ಹಾಗೇ ತೆರೆದ ಬಾಯಲ್ಲಿ ಅವಳ ಕಡೆ ತಿರುಗಿದ.

ಬೆಳಗಿನಿಂದ ತಿದ್ದಮ್ಮ ಮನೆ ತನಗೆ ಸಿಗುತ್ತದೋ ಇಲ್ಲವೋ ಎಂದಷ್ಟೇ ಚಡಪಡಿಸಿದ್ದಳು. ಅದು ಇವನ ಕೈಯಿಂದ ಹೋಗುತ್ತಿದೆ ಎಂಬುದು ಈಗ ಹೊಳೆಯಿತು. ಆ ಹೊಸ ರೂಮಿನ ಬಾಡಿಗೆ ಕರಾರನ್ನು ಅವನು ಓದದೆಯೇ ಸಹಿ ಹಾಕಿದ್ದ. ಓದಿದ್ದು, ತಿದ್ದಿದ್ದು ಅವಳು. ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಬಾಗಿಲ ನಂಬರು, ಎರಡನೇ ಮಹಡಿ, ಬೀದಿ, ಎಲ್ಲವನ್ನೂ ದುಂಡಗೆ ಬರೆದಳು. ಆಮೇಲೆ ಅವನ ಮುಂದೆ ತಳ್ಳಿದಳು.

"ನೋಡು. ತಪ್ಪಿದ್ರೆ ತಿದ್ದು."

ಅವನು ತನ್ನ ವಿಳಾಸವನ್ನು ಎರಡು ಸಲ ಓದಿದ. "ಸರಿಯಾಗಿದೆ ಕಣೇ," ಎಂದು ಕೆಳಗೆ ಸಹಿ ಹಾಕಿದ.