ರಟ್ಟಿನ ಆಚೆ ಈಚೆ

ನಮ್ಮ ಊಟದ ಮೇಜಿನ ಮಧ್ಯದಲ್ಲಿ ಒಂದು ರಟ್ಟು ನಿಂತಿರುತ್ತದೆ. ಆಚೆ ರಾಬರ್ಟಾ, ಈಚೆ ಡಿಯಾನ್. ಇಬ್ಬರ ಕೈಯಲ್ಲೂ ಒಂದೊಂದು ಕ್ಲಿಕ್ಕರ್. ಒತ್ತಿದರೆ ಅಂಕಿ ಒಂದು ಮುಂದೆ ಹೋಗುತ್ತದೆ. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಕೇಳಿಸಬಾರದೆಂದು ಅದನ್ನು ನನ್ನ ಗಂಡ ಗಾರ್ತ್‌ನ ಉಣ್ಣೆಯ ಕಾಲುಚೀಲದೊಳಗೆ ಇಟ್ಟುಕೊಂಡು ಒತ್ತುತ್ತಾರೆ. ಅವರು ಎಣಿಸುವುದು ಐದು ವರ್ಷವಾದರೂ ಮಾತು ಬಾರದ ನಮ್ಮ ಮಗ ಏಬ್ರಮ್ ಎಷ್ಟು ಸಲ ಮಾತಾಡಿದ ಎಂಬುದನ್ನು. ಈ ಕಲಮಜೂ ಊರಿನಲ್ಲಿ ಯಾರ ಮನೆಗೆ ಹೋದರೂ ಯೂನಿವರ್ಸಿಟಿಯ ಯಾರಾದರೊಬ್ಬರು ಏನನ್ನಾದರೂ ಎಣಿಸುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರು: ಮಾತು ಕಲಿಸುವ ರಾಬರ್ಟಾ, ಅವಳ ಸಹಾಯಕಿ ಡಿಯಾನ್.

ಆ ಸೋಮವಾರ ಎಣಿಕೆಯ ಸಮಯ ಮುಗಿದಾಗ ಡಿಯಾನ್ ರಟ್ಟು ಎತ್ತಿದಳು. ಅವಳದು ಸೊನ್ನೆ, ರಾಬರ್ಟಾಳದೂ ಸೊನ್ನೆ.

“ಇಬ್ಬರದೂ ತಾಳೆ ಆಯ್ತು. ನೂರಕ್ಕೆ ನೂರು,” ಎಂದಳು ರಾಬರ್ಟಾ.

“ಖುಷಿ ಆಯ್ತು. ಕೇಕ್ ತರಿಸ್ಲಾ?” ಎಂದೆ.

ರಾಬರ್ಟಾ ಕೆಟ್ಟವಳಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು. ನನ್ನ ಕೊಂಕು ಅವಳಿಗೆ ತಾಗುವುದೂ ಇಲ್ಲ. “ಲೋರ್ನಾ, ಅವನು ನಿಮ್ಮನ್ನ ಕರೀತಾನೆ ಅಂತ ನೀವು ಹೇಳ್ತೀರಿ. ನಮ್ಮಿಬ್ಬರಿಗೂ ಒಂದ್ಸಲವೂ ಕೇಳಿಸಿಲ್ಲ. ತಿಂಗಳ ಕೊನೆಗೆ ನಾನು ವರದಿ ಬರೀಬೇಕು. ಹೀಗೇ ಇದ್ರೆ ಮಾತು ಕಲಿಸೋದು ನಿಲ್ಲಿಸಿ, ಚಿತ್ರ ಒತ್ತಿದ್ರೆ ಮಾತಾಡೋ ಟ್ಯಾಬ್ಲೆಟ್ ಹಿಡಿಯೋಣ. ಅದೂ ಮಾತೇ.”

“ಅದೂ ಮಾತೇ, ನಂಗೊತ್ತು. ಆದ್ರೆ ಅದು ಯಾವಳೋ ಹೆಂಗಸಿನ ದನಿ.”

ನನಗೆ ಬೇಕಾಗಿದ್ದುದು ಅವನ ದನಿ. ಹಾಗೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಿಲ್ಲ. ನಿದ್ದೆಗಣ್ಣಿನಲ್ಲಿ ಒಂದೆರಡು ಸಲ ಅದು ಕೇಳಿಸಿತ್ತು. ಅದು ನಿನ್ನ ಭ್ರಮೆ ಎಂದು ಗಾರ್ತ್ ಹೇಳುತ್ತಿದ್ದ. ಇದ್ದರೂ ಇರಬಹುದು. ಏಬ್ರಮ್ ಸರಿಯಾಗಿ ಮಲಗುವುದಿಲ್ಲ, ಹಾಗಾಗಿ ನಾನೂ ಮಲಗುವುದಿಲ್ಲ. ಎಷ್ಟು ದಣಿದಿದ್ದೆನೆಂದರೆ, ಬಟ್ಟೆ ಒಣಗಿಸುವುದೇ ನನಗೆ ಬಿಡುವಾಗಿತ್ತು.

ಬುಧವಾರ ರಾಬರ್ಟಾ ಬಂದಿರಲಿಲ್ಲ. ಏಬ್ರಮ್‌ನನ್ನು ಡಿಯಾನ್‌ಗೆ ಒಪ್ಪಿಸಿ, ಬಟ್ಟೆಯ ಬುಟ್ಟಿ ಹೊತ್ತು ನೆಲಮಾಳಿಗೆಗೆ ಇಳಿದೆ. ಡ್ರೈಯರ್ ಹಾಕಿದೆ. ಅದರ ಬಿಸಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಕೂತಲ್ಲೇ ನಿದ್ದೆ ಹತ್ತಿತು.

ಡಿಯಾನ್ ಭುಜ ಅಲುಗಾಡಿಸಿದಾಗ ಏಬ್ರಮ್ ಏನೋ ಮಾಡಿಕೊಂಡನೆಂದೇ ಗಾಬರಿಬಿದ್ದು ಎದ್ದೆ. ಅವಳ ಕೆನ್ನೆ ಒದ್ದೆಯಾಗಿತ್ತು.

“ಮಿಸ್ ಲೋರ್ನಾ, ಅವನು ನಿಮ್ಮನ್ನ ಕರೆದ. ನೆಲಮಾಳಿಗೆ ಬಾಗ್ಲ ಹತ್ರ ನಿಂತ್ಕೊಂಡು ‘ಮಾ’ ಅಂದ. ನಾಲ್ಕು ಸಲ.”

“ನಂಗೆ ಕೇಳಿಸ್ಲಿಲ್ಲ.”

“ಡ್ರೈಯರ್ ಸದ್ದು.”

ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಎರಡು ವರ್ಷ ಅವನ ಮುಖದೆದುರು ಕೂತು ಕಾದವಳು ನಾನು. ಆ ಹಾಳು ಡ್ರೈಯರನ್ನು ಒದ್ದೆ. ಕಾಲು ನೋವಾಯಿತು.

ಗುರುವಾರ ರಾಬರ್ಟಾ ಎಲ್ಲ ಕೇಳಿಸಿಕೊಂಡು ಕಾಫಿ ಕುಡಿದಳು. “ನೀವು ಯಾವಾಗ್ಲೂ ಅವನ ಪಕ್ಕದಲ್ಲೇ ಇರ್ತೀರಿ. ಪಕ್ಕದಲ್ಲಿ ಇರೋರನ್ನ ಯಾರು ಕರೀತಾರೆ? ನಾವು ಅಳೀತಿದ್ದ ಜಾಗವೇ ತಪ್ಪು.” ಆಮೇಲೆ ಹೇಳಿದಳು: “ಈಗ ಕೆಳಗೆ ಹೋಗಿ. ಡ್ರೈಯರ್ ಬೇಡ. ಹದಿನೈದು ನಿಮಿಷ. ಅವನು ಕರೆದ್ರೂ ಬರಬೇಡಿ. ಕಲಿಸೋಕೆ ಮುಂಚೆ, ತಾನಾಗೇ ಎಷ್ಟು ಕರೀತಾನೆ ಅಂತ ಗೊತ್ತಾಗ್ಬೇಕು. ನೀವು ಬಂದ್ರೆ ಅಳತೆ ಕೆಡುತ್ತೆ.”

“ಕೂತ್ಕೊಂಡಿರೋದು ತಾನೇ? ಅಷ್ಟು ನನ್ ಕೈಲಾಗುತ್ತೆ,” ಎಂದೆ. ಮಾತು ಕೊಟ್ಟೆ.

ನೆಲಮಾಳಿಗೆಯ ಬಾಗಿಲು ಎಳೆದುಕೊಂಡು ಮೇಲಿನಿಂದ ಎರಡನೆಯ ಮೆಟ್ಟಿಲ ಮೇಲೆ ಕೂತೆ. ಹೊರಗೆ ಹಿಮ ಬೀಳುತ್ತಿತ್ತು, ಮನೆ ತೆಪ್ಪಗಿತ್ತು. ಅವನ ಆಟಿಕೆ ಲಾರಿಯ ಚಕ್ರ ತಿರುಗುವ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಬರಿಗಾಲಿನ ಸದ್ದು ಅಡುಗೆಮನೆ ದಾಟಿ ಬಂದು ಬಾಗಿಲ ಹಿಂದೆ ನಿಂತಿತು. ನಾನು ಎರಡೂ ಕೈಯಲ್ಲಿ ಮೆಟ್ಟಿಲ ಅಂಚು ಹಿಡಿದುಕೊಂಡೆ.

“ಮಾ.”

ಅದು ಗುನುಗಲ್ಲ, ಭ್ರಮೆಯೂ ಅಲ್ಲ. ಸ್ವಲ್ಪ ಒಡಕು ದನಿ, ಗಾರ್ತ್‌ನ ಹಾಗೆ. ನಾನು ಯಾವಾಗ ಎದ್ದೆನೋ ತಿಳಿಯದು. ಬಾಗಿಲು ತೆರೆದಿತ್ತು, ನಾನು ಅವನೆದುರು ಮಂಡಿಯೂರಿ ಅಳುತ್ತಿದ್ದೆ. ಏಬ್ರಮ್ ನನ್ನ ಮುಖ ನೋಡಲಿಲ್ಲ. ತೋಳು ಹಿಡಿದು ಸೋಫಾದವರೆಗೆ ಎಳೆದುಕೊಂಡು ಹೋಗಿ, ನಾನು ದಿನಾ ಕೂರುವ ಮೂಲೆಯಲ್ಲಿ ನನ್ನನ್ನು ತಳ್ಳಿ ಕೂರಿಸಿದ. ಆಮೇಲೆ ತನ್ನ ಲಾರಿಯ ಹತ್ತಿರ ಹೋದ.

“ಹದಿನೈದು ನಿಮಿಷ ಅಂದಿದ್ದೆ,” ಎಂದಳು ರಾಬರ್ಟಾ.

“ಗೊತ್ತು.”

“ಇವತ್ತಿನದು ಲೆಕ್ಕಕ್ಕೆ ಬರಲ್ಲ.”

“ಎಸೀರಿ.”

ಡಿಯಾನ್ ರಟ್ಟು ಎತ್ತಿದಳು. ಅವಳದು ಒಂದು, ರಾಬರ್ಟಾಳದೂ ಒಂದು. ಯಾರೂ ನೂರಕ್ಕೆ ನೂರು ಅನ್ನಲಿಲ್ಲ.

“ನಾಳೆ ಮತ್ತೆ ಪ್ರಯತ್ನ ಮಾಡ್ತೀರಾ? ಅಲ್ಲೇ ಕೂತಿರ್ತೀರಾ?” ಎಂದು ರಾಬರ್ಟಾ ಕೇಳಿದಳು.

“ಇಲ್ಲ. ನನ್ ಕೈಲಾಗಲ್ಲ. ಬೇಕಾದ್ರೆ ನನ್ನನ್ನೇ ಆ ಡ್ರೈಯರ್‌ಗೆ ಕಟ್ಟಿಹಾಕಿ.”

ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಅವಳೂ ದಣಿದಿದ್ದಾಳೆಂದು ನಾನು ಆಗಲೇ ಗಮನಿಸಿದ್ದು. “ಆಯ್ತು. ಕಲಿಸೋಕೆ ಮುಂಚಿನ ಲೆಕ್ಕಕ್ಕೆ ಡಿಯಾನ್ ಬುಧವಾರ ಎಣಿಸಿದ್ದನ್ನೇ ಇಟ್ಕೋತೀನಿ. ಒಬ್ಬಳೇ ಎಣಿಸಿದ್ದು ಅಂತಾನೂ ಬರೀತೀನಿ. ನಾಳೆಯಿಂದ ಕಲಿಸೋಣ. ನೀವು ಕೆಳಗೆ ಹೋಗೋದು, ಅವನು ಕರೆದ ತಕ್ಷಣ ಬರೋದು. ಬಂದು ಕೂತ್ಮೇಲೆ ಮತ್ತೆ ಕೆಳಗೆ.”

“ಎಷ್ಟು ಸಲ?”

“ಅವನು ಕರೆದಷ್ಟು ಸಲ.”

ಮರುದಿನ ಆ ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ರಟ್ಟಿನ ಆಚೆ ಈಚೆ ಇಬ್ಬರೂ ಎಣಿಸುತ್ತಿದ್ದರು. ಮಾತು ಕಲಿಸುವುದು ಮುಂದುವರಿಯಲಿ ಎಂದು ರಾಬರ್ಟಾ ವರದಿಯಲ್ಲಿ ನನ್ನೆದುರಿಗೇ ಬರೆದಳು. ಸಂಜೆ ಗಾರ್ತ್ ಬೂಟಿನ ಹಿಮ ಕೊಡವುತ್ತ ಒಳಗೆ ಬಂದು, “ಎಷ್ಟು ಸಲ ಕರೆದ?” ಎಂದು ಕೇಳಿದ.

ನಾನು ಸೋಫಾದ ನನ್ನ ಮೂಲೆಯಲ್ಲಿ ಕಾಲು ಚಾಚಿ ಬಿದ್ದಿದ್ದೆ.

“ಅವರನ್ನ ಕೇಳು,” ಎಂದೆ. “ನಂಗೆ ಮಂಡಿ ನೋವು.”