ಉಸಿರಿಗೆ ಬಿಟ್ಟ ಜಾಗ

ಹುಲ್ಲು ಹೆಣೆದ ಕುರ್ಚಿಯ ಎಳೆಯೊಂದು ತೊಡೆಗೆ ಚುಚ್ಚುತ್ತಿದೆ, ಇದೇ ಎಳೆ, ಇಲ್ಲವೇ ಇದರ ಅಜ್ಜಿ, ಏಳನೇ ವಯಸ್ಸಿನಲ್ಲೂ ಚುಚ್ಚಿತ್ತು, ಆಗ ಅವ್ವ ಮೊಣಕೈಯಿಂದ ತಿವಿದು ನೆಟ್ಟಗೆ ಕೂತ್ಕೋ ಕೂಸೇ, ಮರಿಯಮ್ಮ ನೋಡ್ತಿದಾಳೆ ಅಂದಿದ್ದಳು, ಮರಿಯಮ್ಮ ಈಗಲೂ ಅದೇ ನೀಲಿ ಮೇಲುಹೊದಿಕೆಯಲ್ಲಿ ನಿಂತು ನೋಡುತ್ತಿದ್ದಾಳೆ, ಚಾವಣಿಯಿಂದ ಹರಕೆಗೆ ತೂಗುಬಿಟ್ಟ ಮರದ ಪುಟ್ಟ ದೋಣಿ ಕಡಲಗಾಳಿಗೆ ಒಂದಿಷ್ಟು ತಿರುಗಿ ಮತ್ತೆ ಹಿಂದಕ್ಕೆ ಬರುತ್ತಿದೆ — ಬೆನಿನ್ ದೇಶದಿಂದ ಈ ಬ್ರೆತಾನ್ ಸೀಮೆಯ ಬಂದರಿಗೆ ಬಂದ ಪಾದ್ರಿ ಸುವಾರ್ತೆ ಓದುತ್ತಿದ್ದಾರೆ, ಆಮೇಲೆ ಬೋಧನೆ, ಆಮೇಲೆ ತನ್ನ ಸರದಿ. ಕ್ಲೆರ್ವಿ ಕೆಮೆನೆ, ಎಪ್ಪತ್ತೇಳು ವರ್ಷದವಳು, ಫ್ರಾನ್ಸಿನ ಒಂದೊಂದು ಕಡಲತೀರದ ವೇದಿಕೆಯನ್ನೂ ಹತ್ತಿಳಿದವಳು, ನಲವತ್ತು ಜನರ ಇಗರ್ಜಿಯಲ್ಲಿ ಒಂದು ಕೀರ್ತನೆ ಎತ್ತಿಕೊಡಬೇಕು, ಅಷ್ಟೇ, ನಾಲ್ಕು ಸಾಲು, ಪಕ್ಕದಲ್ಲಿ ಫಿಲೋಮೆನ್ ಚಿಕ್ಕಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತಿದ್ದಾಳೆ, ತೊಂಬತ್ತೆರಡಾಯಿತು, ಆ ಕೈಯ ಹೆಬ್ಬೆರಳು ಈಗಲೂ ಬೆಳ್ಳಗೆ, ಉಪ್ಪುನೀರಿಗೆ ಬಿರಿದದ್ದು ಬಿರಿದ ಹಾಗೇ ಉಳಿದಿದೆ, ಉಗುರು ಮಾತ್ರ ನೆಟ್ಟಗಿದೆ — ಅವ್ವನ ಹೆಬ್ಬೆರಳಿಗೆ ಅದೂ ಇರಲಿಲ್ಲ, ಡಬ್ಬಿಯ ಮುಚ್ಚಳ ಒತ್ತುವ ಯಂತ್ರ ತಿಂದುಹಾಕಿತ್ತು.

ಆ ಹೆಬ್ಬೆರಳಿನಿಂದಲೇ ಎಲ್ಲ ಶುರುವಾದದ್ದು, ಕಾರ್ಖಾನೆಯ ಉದ್ದನೆಯ ಮೇಜಿನ ಎರಡೂ ಬದಿಗೆ ಬಿಳಿ ಟೋಪಿಯ ಹೆಂಗಸರು, ಬೂತಾಯಿ ಮೀನಿನ ತಲೆ ತೆಗೆದು ಡಬ್ಬಿಯಲ್ಲಿ ಜೋಡಿಸುವವರು, ಮಾತಾಡಿದರೆ ಮೇಸ್ತ್ರಿ ಹೆಂಗಸು ಹರಿಹಾಯುತ್ತಿದ್ದಳು, ಕೀರ್ತನೆ ಹಾಡಿದರೆ ಬಾಯಿ ಮುಚ್ಚಿಸುವ ಧೈರ್ಯ ಅವಳಿಗಿರಲಿಲ್ಲ, ದೇವರ ಹೆಸರಲ್ಲಿ ಅಷ್ಟು ಬಿಡುವು, ಮೇಜಿನ ತುದಿಯಲ್ಲಿ ಅವ್ವ, ಎಲ್ಲರೂ ಮಾಯಿ-ಜಾನ್ ಎಂದು ಕರೆಯುವ ಅವ್ವ, ಹೆಬ್ಬೆರಳು ಎತ್ತುತ್ತಿದ್ದಳು, ಮರಕ್ಕೆ ಟಕ್ ಎಂದು ಬಡಿಯುತ್ತಿದ್ದಳು, ಆಗ ಯಾರೂ ಹಾಡುತ್ತಿರಲಿಲ್ಲ, ಎಲ್ಲರೂ ಉಸಿರೆಳೆದುಕೊಳ್ಳುತ್ತಿದ್ದರು, ಆಮೇಲೆ — ಬಂದರಿನ ತಾಯಿಯೇ, ದೋಣಿಗಳ ಎಣಿಸು, ಒಂದೂ ತಪ್ಪದ ಹಾಗೆ ಸಂಜೆಗೆ ಎಣಿಸು. ಇಗರ್ಜಿಯ ಪುಸ್ತಕದಲ್ಲಿ ಈ ರಾಗವಿಲ್ಲ, ಮೇಜಿನದ್ದು, ಅವರದ್ದು. ಹತ್ತೊಂಬತ್ತನೇ ವಯಸ್ಸಿಗೆ ಗಿಟಾರು ಹೆಗಲಿಗೆ ಹಾಕಿಕೊಂಡು ಪ್ಯಾರಿಸ್ಸಿನ ರೈಲು ಹತ್ತಿದವಳ ಹತ್ತಿರ ಮೂರು ಬಟ್ಟೆ, ಸುತ್ತಿಕೊಟ್ಟ ಬೆಣ್ಣೆರೊಟ್ಟಿ, ಈ ರಾಗ. ರೆಕಾರ್ಡ್ ಕಂಪನಿಯ ವಾಲಾದಿಯೆ ಕಣ್ಣುಮುಚ್ಚಿ ಕೇಳಿದ, ರಾಗ ಚೆನ್ನಾಗಿದೆ, ಯಾರದಮ್ಮಾ ಅಂದ, ನಂದೇ ಅಂದಳು, ಸುಳ್ಳು ಅನ್ನಿಸಲೂ ಇಲ್ಲ, ಕುಡಿದ ಹಾಲು ಯಾರದು ಅಂತ ಯಾರು ಕೇಳುತ್ತಾರೆ, ತಾಯಿ ದೋಣಿ ಅಂದ್ರೆ ಯಾರು ಕುಣೀತಾರೆ ಅಂದ ವಾಲಾದಿಯೆ, ಮಾತು ಬದಲಾಯಿಸು, ಬೇಸಿಗೆ ತಾ, ಮರಳು ತಾ, ಆಮೇಲೆ ಈ ಟಕ್ ಆದ್ಮೇಲೆ ಖಾಲಿ ಯಾಕೆ ಬಿಟ್ಟಿದೀಯ, ರೇಡಿಯೋದೋರು ತಂತಿ ಕಡೀತು ಅಂದ್ಕೋತಾರೆ, ತೆಗಿ ಅದನ್ನ. ತೆಗೆದಳು. ಡ್ರಮ್ಮಿನ ಏಟಿನ ಮೇಲೇ ಬಾಯಿ ತೆರೆಯಲು ಕಲಿತಳು, ಬೇಸಿಗೆ ಹೋಯ್ತು, ಚಪ್ಪಲಿ ಉಳೀತು, ಅಷ್ಟೇ ಮಾತು, ಇಡೀ ದೇಶದ ನಾಲಿಗೆ ಮೇಲೆ ಕೂತಿತು, ದೂರದರ್ಶನದಲ್ಲಿ ರೆಕಾರ್ಡ್ ಹಾಡುತ್ತಿತ್ತು, ತಾನು ತುಟಿ ಆಡಿಸುತ್ತಿದ್ದಳು, ಹೆಸರಿನ ಬಾಲ ಕತ್ತರಿಸಿ ಬರೀ ಕ್ಲೇರ್ ಮಾಡಿದರು, ಅವ್ವನ ಕಾಗದ ಬಂತು, ನಿನ್ನ ಹಲ್ಲು ಚೆನ್ನಾಗಿ ಕಾಣ್ತಾವೆ ಅಂತಾರೆ, ಚಳಿಗೆ ಕತ್ತು ಮುಚ್ಕೋ — ಹಾಡಿನ ಬಗ್ಗೆ ಒಂದಕ್ಷರವಿಲ್ಲ.

ಆಮೇಲೆ ಏನೇನು ಬಂತು, ಏನೇನು ಹೋಯ್ತು, ಎರಡು ಮದುವೆ, ತಾನೇ ಬರೆದ ಅರವತ್ತು ಹಾಡು, ಅದರಲ್ಲಿ ಒಳ್ಳೆಯವು ನಾಲ್ಕೈದು, ಅವನ್ನು ಯಾರೂ ಕೇಳಲಿಲ್ಲ, ಬೇರೆಯವರ ಕಂಠಕ್ಕೆ ಬರೆದುಕೊಟ್ಟ ವರ್ಷಗಳು, ಕೊನೆಗೆ ಹಳೆಯ ಗಾಯಕರನ್ನೆಲ್ಲ ಒಂದು ಬಸ್ಸಿಗೆ ತುಂಬಿ ಊರೂರು ಸುತ್ತಿಸುವ ಪ್ರವಾಸ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಅದೇ ಚಪ್ಪಲಿಯ ಹಾಡು, ಜನ ಎದ್ದು ಕೈ ಬೀಸುತ್ತಿದ್ದರು, ಅವಳೂ ಬೀಸುತ್ತಿದ್ದಳು, ದುಃಖವಿಲ್ಲ, ಕೆಲಸ ಕೆಲಸವೇ. ಹನ್ನೊಂದು ವರ್ಷದ ಹಿಂದೆ ಅವ್ವನ ಶವಪೆಟ್ಟಿಗೆಯನ್ನು ಇದೇ ಇಗರ್ಜಿಯಿಂದ ಎತ್ತಿದಾಗ ಮೇಜಿನ ಹೆಂಗಸರು ಸುತ್ತ ನಿಂತು ಬಂದರಿನ ತಾಯಿಯೇ ಅಂದರು, ಹಾಡಲಿಲ್ಲ, ಪಾಠ ಒಪ್ಪಿಸಿದ ಹಾಗೆ ಬರೀ ಅಂದರು, ಅಳುವಿಗೆ ಅವರ ಗಂಟಲು ಕಟ್ಟಿದೆ ಎಂದು ಕ್ಲೆರ್ವಿ ಅಂದುಕೊಂಡಳು. ಹೋದ ಮಂಗಳವಾರ ಗೊತ್ತಾಯಿತು, ಫಿಲೋಮೆನ್ ಬೋಗುಣಿಗೆ ಕಾಫಿ ಸುರಿಯುತ್ತ ಹವಾಮಾನ ಹೇಳುವ ದನಿಯಲ್ಲಿ ಹೇಳಿದಳು, ಅಳು ಎಲ್ಲಿಂದ ಬಂತೇ, ಐವತ್ತೆಂಟು ವರ್ಷದಿಂದ ನಾವು ಅದನ್ನ ಹಾಡೇ ಇಲ್ಲ, ನಿನ್ನ ಹಾಡು ಬಂದ ವರ್ಷ, ಇದೇ ಆಗಸ್ಟ್ ಹದಿನೈದು, ಮರಿಯಮ್ಮನ ಹಬ್ಬ, ನಿಮ್ಮವ್ವ ಎತ್ತಿಕೊಟ್ಟಳು, ಹಿಂದಿನ ಸಾಲಿನ ಹುಡುಗೀರು ಚಪ್ಪಲಿ ಚಪ್ಪಲಿ ಅಂತ ಶುರುಹಚ್ಚಿಕೊಂಡ್ರು, ಇಗರ್ಜಿಗೆ ಇಗರ್ಜೀನೇ ನಕ್ಕಿತು, ಮಾಯಿ-ಜಾನ್ ಎತ್ತಿದ ಹೆಬ್ಬೆರಳನ್ನ ಮಡಿಲಲ್ಲಿಟ್ಟುಕೊಂಡು ಮಿಕ್ಕಿದ್ದನ್ನ ಬಾಯಲ್ಲಿ ಹೇಳಿ ಮುಗಿಸಿದಳು, ಅವತ್ತಿಂದ ಹಾಗೇ, ಮೇಜಿನ ಹತ್ರಾನೂ ಹಾಡಲಿಲ್ಲ. ನಂಗ್ಯಾಕೆ ಹೇಳಲಿಲ್ಲ ಚಿಕ್ಕಮ್ಮ. ಹೇಳಬೇಡಿ ಅಂದಿದ್ದಳು ನಿಮ್ಮವ್ವ, ದೂರದಲ್ಲಿ ಒಬ್ಬಳೇ ಇದಾಳೆ ಕೂಸು ಅಂತ. ಬೈತಿಲ್ಲ ಕಣೇ, ನಂಗೂ ಆ ನಿನ್ನ ಚಪ್ಪಲಿ ಇಷ್ಟಾನೇ, ಆದ್ರೆ ನಾವು ಉಳಿದಿರೋದು ಒಂಬತ್ತು ಜನ, ಹೋಗೋಕೆ ಮುಂಚೆ ನಮ್ಮ ರಾಗ ನಮಗೆ ವಾಪಸ್ ಕೊಡು, ನೀನೇ ಎತ್ತಿಕೊಡು, ಈಗ ಕಾಫಿ ಆರೋಗುತ್ತೆ, ಕುಡಿ.

ಐದು ದಿನದಿಂದ ಅಡುಗೆಮನೆಯಲ್ಲಿ ಕೀರ್ತನೆ ಎತ್ತಿ ನೋಡುತ್ತಿದ್ದಾಳೆ, ಬಂದರಿನ ಎಂದು ಬಾಯಿ ತೆರೆದರೆ ಬೇಸಿಗೆ ಹೋಯ್ತು ಅಂತಲೇ ಬರುತ್ತದೆ, ಪ್ರತಿ ಸಲ, ನಾಲಿಗೆಗೆ ಅದೇ ದಾರಿ ಗೊತ್ತು, ಇವತ್ತೂ ಹಾಗೇ ಬಂದರೆ, ಮತ್ತೆ ನಗು ಬಂದರೆ, ಈ ಒಂಬತ್ತು ಜನ ಇನ್ನೊಂದು ಸಲ ಕೇಳಲಾರರು, ಇನ್ನೊಂದು ಆಗಸ್ಟ್ ಎಷ್ಟು ಜನಕ್ಕಿದೆಯೋ — ಬೋಧನೆ ಮುಗಿಯಿತೇ, ಪಾದ್ರಿ ಈ ಕಡೆ ನೋಡಿ ತಲೆಯಾಡಿಸುತ್ತಿದ್ದಾರೆ, ಅವಳು ಎದ್ದು ನಿಂತಿದ್ದಾಳೆ, ಹುಲ್ಲಿನ ಎಳೆ ಚುಚ್ಚುವುದು ನಿಂತಿದೆ, ತಾಯೀ, ಬೇರೇನೂ ಬೇಡ, ಮೊದಲ ಒಂದು ಮಾತು ಕೊಡು, ಮೇಲೆ ದೋಣಿ ತಿರುಗಿ ಅಲ್ಲೇ ನಿಂತಿದೆ, ಪಕ್ಕದಲ್ಲಿ ಫಿಲೋಮೆನ್ ತನ್ನ ಪಾಡಿಗೆ ಹೆಬ್ಬೆರಳು ಎತ್ತುತ್ತಾಳೆ, ಯಾರೂ ಹೇಳಿಲ್ಲ, ಅಭ್ಯಾಸ, ಹೆಬ್ಬೆರಳು ಮರಕ್ಕೆ ಬೀಳುತ್ತದೆ, ಟಕ್, ಈಗ ಎನ್ನುತ್ತದೆ ನಾಲಿಗೆ, ಏಟಿನ ಮೇಲೇ, ಈಗಲೇ, ಚಪ್ಪಲಿ ತುಟಿಯವರೆಗೂ ಬಂದಿದೆ — ಇಲ್ಲ, ಇದು ಹಾಡುವ ಜಾಗವಲ್ಲ, ಉಸಿರಿನ ಜಾಗ, ತಾನು ಕಿತ್ತು ಎಸೆದದ್ದು ಇದೇ, ತುಟಿ ಕಚ್ಚಿ ತಡೆಯುತ್ತಾಳೆ, ಎಳೆದುಕೊಳ್ಳುತ್ತಾಳೆ, ಮೇಣ, ಉಪ್ಪು, ಒದ್ದೆ ಉಣ್ಣೆಯ ವಾಸನೆ, ಬೆನ್ನ ಹಿಂದೆ ಕುರ್ಚಿಗಳು ಕಿರುಗುಟ್ಟುತ್ತವೆ, ಒಂಬತ್ತು ಎದೆ ಒಟ್ಟಿಗೆ ಏರುವ ಸದ್ದು, ಕಣ್ಣು ಕೆಳಗಿದೆ, ಕುರ್ಚಿಯ ಬೆನ್ನಿನ ಮೇಲೆ, ಮರದ ಮೇಲೆ, ಹೆಬ್ಬೆರಳು, ಬೆಳ್ಳಗೆ, ಬಿರಿದದ್ದು, ಅದಕ್ಕೆ ಉಗುರಿಲ್ಲ, ಅವ್ವನ ಹೆಬ್ಬೆರಳು